ಹೊಸ್ತಿಲುಗಳ ಸೆರೆಮನೆ

ಆ ಊರಿನ ಹೆಸರು ಹೇಳಿ ಪ್ರಯೋಜನವಿಲ್ಲ. ಯಾವ ದಿಕ್ಕಿನಲ್ಲಿತ್ತು ಎಂದು ಕೇಳಿದರೆ, ನೀವು ಈಗ ಯಾವ ದಿಕ್ಕಿಗೆ ಬೆನ್ನು ಮಾಡಿ ಕೂತಿದ್ದೀರೋ ಆ ದಿಕ್ಕಿನಲ್ಲಿತ್ತು ಎನ್ನಬೇಕಾಗುತ್ತದೆ. ಬೇರೆ ಊರುಗಳ ನಟ್ಟನಡುವೆ ಗುಡಿ ಇರುತ್ತದೆ, ಇಲ್ಲವೇ ಅರಮನೆ, ಏನೂ ಇಲ್ಲದಿದ್ದರೆ ಒಂದು ಸಂತೆಮಾಳ. ಆ ಊರಿನ ನಟ್ಟನಡುವೆ ಇದ್ದದ್ದು ಸೆರೆಮನೆ. ಬೀದಿಗಳೆಲ್ಲ ಅಲ್ಲಿಂದಲೇ ಹೊರಟು, ಸುತ್ತಾಡಿ ಸುಸ್ತಾಗಿ, ಮತ್ತೆ ಅಲ್ಲಿಗೇ ಬಂದು ಸೇರುತ್ತಿದ್ದವು. ಆ ಸೆರೆಮನೆಗೆ ಬಾಗಿಲಿರಲಿಲ್ಲ, ಬೀಗವಿರಲಿಲ್ಲ, ಕಂಬಿಯಿರಲಿಲ್ಲ. ಒಂದು ಗೋಡೆ ಇತ್ತು, ಗೋಡೆಗೆ ಒಂದು ಏಣಿ ಇತ್ತು, ಏಣಿಗೆ ಒಬ್ಬ ಕಾವಲುಗಾರನಿದ್ದ. ಅವನನ್ನು ಊರೆಲ್ಲ ಏಣಿಯವನು ಎಂದೇ ಕರೆಯುತ್ತಿತ್ತು.

ಸೆರೆಮನೆ ಹುಟ್ಟಿದ ಕಥೆ ಹೀಗಿದೆ. ಮೊದಲ ಅರಸನಿಗೆ ಎಲ್ಲವೂ ಇತ್ತು, ಸೆರೆಮನೆ ಮಾತ್ರ ಇರಲಿಲ್ಲ. ಸೆರೆಮನೆಯಿಲ್ಲದ ಅರಸನಿಗೆ ಹೆದರುವವರು ಯಾರು ಎಂಬ ಚಿಂತೆಯಲ್ಲಿ ಅವನಿಗೆ ನಿದ್ದೆ ಹತ್ತಲಿಲ್ಲ. ಕಟ್ಟಿಸೋಣವೆಂದರೆ ಆ ಸೀಮೆಯಲ್ಲಿ ಕಲ್ಲೇ ಇಲ್ಲ. ಎತ್ತ ಅಗೆದರೂ ಮಣ್ಣು. ಮನೆಗಳೂ ಮಣ್ಣಿನವೇ. ಒಂದೊಂದು ಮನೆಗೆ ಒಂದೇ ಒಂದು ಉದ್ದನೆಯ ಕಲ್ಲು, ಅದು ಹೊಸ್ತಿಲು. ಯಾವ ಕಾಲದಲ್ಲೋ ಹಿರಿಯರು ದೂರದ ಬೆಟ್ಟದಿಂದ ಹೊತ್ತು ತಂದದ್ದು. ಮಂತ್ರಿ ಬುದ್ಧಿವಂತ. ತಪ್ಪು ಮಾಡಿದವನು ತನ್ನ ಮನೆಯ ಹೊಸ್ತಿಲನ್ನು ತಾನೇ ಕಿತ್ತು ತಂದು ತನ್ನ ಗೋಡೆ ತಾನೇ ಕಟ್ಟಿಕೊಳ್ಳಲಿ, ಬೊಕ್ಕಸಕ್ಕೆ ಖರ್ಚಿಲ್ಲ ಎಂದ. ಮಾಡಿದ್ದುಣ್ಣೋ ಮಹರಾಯ ಎನ್ನುವ ಗಾದೆಯನ್ನು ಕಲ್ಲಿನಲ್ಲಿ ಕಟ್ಟಿಸಿದ ಅರಸ ಅವನೊಬ್ಬನೇ ಇರಬೇಕು.

ನಿಯಮ ಹೀಗಿತ್ತು. ತಪ್ಪು ಮಾಡಿದವರು ಮನೆಯ ಹೊಸ್ತಿಲನ್ನು ಕಿತ್ತು, ತಲೆಗೆ ಸಿಂಬಿ ಇಟ್ಟು, ಹೊತ್ತು ತರಬೇಕು. ಗೋಡೆಯ ಮೇಲೆ ಕೈಯಾರೆ ಇಡಬೇಕು. ಏಣಿ ಹತ್ತಿ ಒಳಗಿಳಿಯಬೇಕು. ಶಿಕ್ಷೆ ಮುಗಿದ ದಿನ ಕಲ್ಲನ್ನು ತೆಗೆದು, ಅದು ಬಿಟ್ಟ ಜಾಗದಿಂದಲೇ ಹೊರಗೆ ಬಂದು, ಹೊತ್ತುಕೊಂಡು ಮನೆಗೆ ಹೋಗಬೇಕು. ಒಂದು ಕಲ್ಲನ್ನು ಅದರ ಒಡೆಯರಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಬೇರೆಯವರ ಕಲ್ಲು ಕೂದಲೆಳೆಯಷ್ಟು ಅಲುಗಿದರೂ, ಅಲುಗಿಸಿದವರು ಯಾರೇ ಆಗಲಿ, ಯಾರ ಬಿಡುಗಡೆಗಾಗಿ ಅಲುಗಿತೋ ಅವರ ಶಿಕ್ಷೆ ಮೊದಲಿನಿಂದ ಶುರು.

ಗೋಡೆ ಮೊಣಕಾಲೆತ್ತರ ಇದ್ದಾಗ ಯಾರಿಗೂ ತೊಂದರೆಯಾಗಲಿಲ್ಲ. ದಾಟಿ ಓಡಿಹೋಗಬಹುದಿತ್ತು, ನಿಜ. ಆದರೆ ಮನೆಯ ಹೊಸ್ತಿಲನ್ನು ಬೀದಿಯಲ್ಲಿ ಬಿಟ್ಟು ಓಡುವ ಮಾನಗೇಡಿ ಆ ಊರಿನಲ್ಲಿ ಹುಟ್ಟಿರಲಿಲ್ಲ. ಬಂದರು, ಇದ್ದರು, ಕಲ್ಲು ಹೊತ್ತುಕೊಂಡು ಹೋದರು. ಆಮೇಲೆ ಅರಸರು ಬದಲಾದರು, ತಪ್ಪುಗಳು ಹೆಚ್ಚಾದವು. ಅರಸನ ಆನೆ ಹೋಗುವಾಗ ಆಕಳಿಸಿದ್ದು ತಪ್ಪಾಯಿತು. ಕಂದಾಯದವನನ್ನು ಹೆಸರು ಹಿಡಿದು ಕರೆದದ್ದು ತಪ್ಪಾಯಿತು. ಕಲ್ಲಿನ ಮೇಲೆ ಕಲ್ಲು ಬಂತು, ಕಾಲದ ಮೇಲೆ ಕಾಲ ಬಂತು. ಕೆಳಗಿನವನ ಶಿಕ್ಷೆ ಮುಗಿಯುವ ಹೊತ್ತಿಗೆ ಅವನ ಕಲ್ಲಿನ ಮೇಲೆ ಹೊಸಬರ ಕಲ್ಲುಗಳು ಕೂತಿರುತ್ತಿದ್ದವು. ಆ ಹೊಸಬರ ಶಿಕ್ಷೆ ಮುಗಿಯುವ ಹೊತ್ತಿಗೆ ಅವರ ಮೇಲೆ ಮತ್ತಷ್ಟು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ಅಲ್ಲಿ ಕಲ್ಲು ಹಾಕಿದವರು ಕೆಟ್ಟವರೇನಲ್ಲ, ಹಿಂದಿನಿಂದ ಬಂದ ಅಂಥದೇ ಬಡಪಾಯಿಗಳು. ಒಬ್ಬನನ್ನು ಇನ್ನೊಬ್ಬ ಹಿಡಿದಿಟ್ಟ, ಇನ್ನೊಬ್ಬನನ್ನು ಮತ್ತೊಬ್ಬ ಹಿಡಿದಿಟ್ಟ. ಯಾರಾದರೂ ಒಳಗೇ ಸತ್ತರೆ ಅವರ ಕಲ್ಲಿಗೆ ಇನ್ನು ಒಡೆಯರಿಲ್ಲ, ಅದು ಗೋಡೆಗೇ ಸೇರಿದ್ದು ಎಂದು ಊರು ತಾನೇ ತೀರ್ಮಾನಿಸಿಕೊಂಡಿತು. ಅಲ್ಲಿಗೆ ಕೆಳಗಿನವರ ಬಿಡುಗಡೆಯ ಮಾತು ಮುಗಿಯಿತು.

ಇತ್ತ ಮನೆಗಳ ಬಾಗಿಲಲ್ಲಿ ಹೊಸ್ತಿಲಿದ್ದ ಜಾಗ ಹೊಂಡವಾಯಿತು. ಮಕ್ಕಳು ಸರಿಯಾಗಿ ನಡೆಯುವುದಕ್ಕೆ ಮೊದಲೇ ಹಾರುವುದನ್ನು ಕಲಿತರು. ಗಂಡಸರು ಹೊಂಡವನ್ನು ಮರೆತೇಬಿಟ್ಟರು. ಹೆಂಗಸರಿಗೆ ಮರೆಯಲಾಗಲಿಲ್ಲ, ಯಾಕೆಂದರೆ ಬೆಳಗಾದರೆ ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಇಡಬೇಕು, ಇಡುವುದೆಲ್ಲಿ? ಅವರು ತಂಬಿಗೆಯಲ್ಲಿ ನೀರು ಹಿಡಿದು ಸೆರೆಮನೆಯ ಗೋಡೆಗೆ ಹೋದರು. ಮೊದಲು ಹೋದವರು ತಮ್ಮ ತಮ್ಮ ಕಲ್ಲನ್ನು ಗುರುತಿಸಿ ಇಟ್ಟರು. ಅವರ ಸೊಸೆಯರು ಕೈಗೆಟುಕಿದ ಕಲ್ಲಿಗೆ ಇಟ್ಟರು. ಸೊಸೆಯರ ಸೊಸೆಯರಿಗೆ ಇದು ಯಾಕೆಂದೇ ಗೊತ್ತಿರಲಿಲ್ಲ. ಗೋಡೆ ಹಳದಿಯಾಯಿತು, ಕೆಂಪಾಯಿತು, ಕೊನೆಗೆ ದೇವಿಯೇ ಆಯಿತು. ಗೋಡೆಯಮ್ಮ ಎಂದು ಹೆಸರು ಬಂತು. ಅಮಾವಾಸ್ಯೆಗೆ ಕಾಯಿ ಒಡೆದರು, ಹರಕೆ ಹೊತ್ತರು. ತಮ್ಮ ಮನೆಯ ಹೊಸ್ತಿಲಿಗೇ ಕೈಮುಗಿದು, ನಮ್ಮ ಮನೆಗೊಂದು ಹೊಸ್ತಿಲು ಕರುಣಿಸು ತಾಯಿ ಎಂದು ಬೇಡಿಕೊಂಡರು. ಇಂಥ ತಪ್ಪನ್ನು ಆ ಊರಿನವರೇ ಮಾಡಬೇಕು. ಅರಸನಿಗೆ ಇದನ್ನು ಕಂಡು ಬಹಳ ಸಂತೋಷವಾಯಿತು.

ತನ್ನ ಕಲ್ಲು ಯಾವುದೆಂದು ಖಚಿತವಾಗಿ ತಿಳಿದಿದ್ದವಳು ಒಬ್ಬಳಿದ್ದಳು. ಅವಳು ಹತ್ತಿ ಹಿಂಜಿ, ದೀಪಕ್ಕೆ ಬತ್ತಿ ಹೊಸೆದು, ಮನೆಮನೆಗೆ ಮಾರುವವಳು. ಬತ್ತಿಯವಳು ಎಂದೇ ಹೆಸರು. ಅವಳು ಮೊಣಕಾಲೆತ್ತರದ ಕೂಸಾಗಿದ್ದಾಗ ಅರಸನ ಮೆರವಣಿಗೆ ಬೀದಿಯಲ್ಲಿ ಬಂತು. ಅವಳ ಅವ್ವ ಒನಕೆ ನಿಲ್ಲಿಸಲಿಲ್ಲ. ಅರಸ ನಾಳೆಯೂ ಬರುತ್ತಾನೆ, ಭತ್ತ ಮಾತ್ರ ಇವತ್ತೇ ಅಕ್ಕಿಯಾಗಬೇಕು ಅಂದಳಂತೆ. ಅದು ತಪ್ಪಾಯಿತು. ಅವ್ವ ಹೊಸ್ತಿಲು ಹೊತ್ತು ಮುಂದೆ ನಡೆದಳು, ಕೂಸು ಸೆರಗು ಹಿಡಿದು ಹಿಂದೆ ನಡೆಯಿತು. ಆ ವರ್ಷ ಸೆರೆಮನೆಯನ್ನು ಹಿಗ್ಗಿಸಿ ಹೊಸ ಸಾಲು ಹಾಕುತ್ತಿದ್ದರು, ಆದ್ದರಿಂದ ಅವ್ವನ ಕಲ್ಲು ಎಲ್ಲಕ್ಕಿಂತ ಕೆಳಗೆ ಬಿತ್ತು. ಶಿಕ್ಷೆ ಇದ್ದದ್ದು ಒಂದೇ ಮಳೆಗಾಲ. ಮಳೆಗಾಲ ಮುಗಿಯಿತು, ಕಲ್ಲಿನ ಮೇಲೆ ಕಲ್ಲು ಬಂತು, ಕೂಸಿನ ತಲೆಯಲ್ಲಿ ಬಿಳಿಕೂದಲು ಬಂತು, ಅವ್ವ ಬರಲಿಲ್ಲ.

ದಿನಾ ಬೆಳಿಗ್ಗೆ ಬತ್ತಿಯವಳು ಆ ಕಲ್ಲಿನ ಮುಂದೆ ಕೂತು ಅದನ್ನು ತೊಳೆಯುತ್ತಿದ್ದಳು. ಒಳಗಿನಿಂದ ಅವ್ವ ಅದೇ ಕಲ್ಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಸಂದಿಯಲ್ಲಿ ಬೆರಳು ತೂರುತ್ತಿರಲಿಲ್ಲ, ಮಾತು ತೂರುತ್ತಿತ್ತು. ಹತ್ತಿ ಹೇಗಿದೆ, ಯಾರ ಮನೆಯಲ್ಲಿ ಮದುವೆ, ತಲೆಗೆ ಎಣ್ಣೆ ಹಾಕಿಕೊಂಡೆಯಾ ಎಂದು ಅವ್ವ ಕೇಳುವಳು. ಮಗಳು ಹೇಳುವಳು. ಅವ್ವನ ದನಿ ಈಚೀಚೆಗೆ ಸಣ್ಣಗಾಗುತ್ತ ಬಂದಿತ್ತು, ಮಾತಿಗಿಂತ ಕೆಮ್ಮು ಹೆಚ್ಚಾಗಿತ್ತು. ಒಂದು ಬೆಳಿಗ್ಗೆ ಅವಳು ಏನನ್ನೂ ಕೇಳಲಿಲ್ಲ.

"ಮಗಳೇ, ಸಾಯೋದಕ್ಕೆ ನನಗೆ ಭಯ ಇಲ್ಲ" ಎಂದಳು. "ಇಲ್ಲೇ ಹೋದ್ರೆ ನಮ್ಮ ಕಲ್ಲೂ ಗೋಡೆಗೆ ಸೇರಿಬಿಡುತ್ತೆ. ನಿನ್ನ ಬಾಗಿಲಿಗೆ ಹೊಂಡವೇ ಗತಿ. ನಾನು ಹೊತ್ತು ತಂದದ್ದನ್ನ ನಾನೇ ವಾಪಸ್ ಇಡಬೇಕು ಅಂತಿದ್ದೆ. ಅದೊಂದೇ ಸಂಕಟ."

ಬತ್ತಿಯವಳು ಎದ್ದವಳೇ ನೇರವಾಗಿ ತೀರ್ಪಿನವನ ಚಾವಡಿಗೆ ಹೋದಳು. ಊರಿನ ವ್ಯಾಜ್ಯಗಳನ್ನೆಲ್ಲ ತೀರಿಸುವವನು ಅವನೇ. ಕಾಲಿಗೆ ಬಿದ್ದಾದರೂ ಅವ್ವನನ್ನು ಬಿಡಿಸಿಕೊಳ್ಳಬೇಕು ಎಂದುಕೊಂಡು ಸಾಲಿನಲ್ಲಿ ನಿಂತಳು. ಅವಳ ಮುಂದೆ ಇಬ್ಬರು ಗಂಡಸರು ಜಗಳವಾಡುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ ಮನೆ ಮಾರಿದ್ದ. ಆ ಮನೆಯ ಪುಣ್ಯ, ಅದರ ಹೊಸ್ತಿಲು ಇನ್ನೂ ಬಾಗಿಲಲ್ಲೇ ಇತ್ತು. ಅದನ್ನು ನಮ್ಮಜ್ಜ ಹೊತ್ತು ತಂದದ್ದು, ಕಿತ್ತುಕೊಂಡು ಹೋಗುತ್ತೇನೆ ಎಂದು ಮಾರಿದವನ ಹಟ. ತೀರ್ಪಿನವನು ಎಲೆಯಡಿಕೆ ಜಗಿಯುತ್ತ ಕೇಳಿಸಿಕೊಂಡ.

"ತೊಟ್ಟಿಲು ತಗೊಂಡು ಹೋಗು, ಒರಳು ತಗೊಂಡು ಹೋಗು, ದೇವರ ಪೆಟ್ಟಿಗೆ ತಗೊಂಡು ಹೋಗು. ಹೊಸ್ತಿಲು ಮುಟ್ಟಬೇಡ" ಎಂದ. "ಯಾರೇ ಹೊತ್ತು ತಂದಿರಲಿ, ಹೊಸ್ತಿಲು ಮನುಷ್ಯನದಲ್ಲ, ಮನೆಯದು. ಇದು ಅಜ್ಜಂದಿರ ಕಾಲದಿಂದ ಬಂದ ಮಾತು."

ಬತ್ತಿಯವಳು ತನ್ನ ಅಹವಾಲು ಹೇಳಲೇ ಇಲ್ಲ, ಹಿಂದಕ್ಕೆ ತಿರುಗಿದಳು. ದಾರಿಯುದ್ದಕ್ಕೂ ಆ ಮಾತು ಅವಳ ಎದೆಯಲ್ಲಿ ಕುಟ್ಟುತ್ತಿತ್ತು. ಹೊಸ್ತಿಲು ಮನೆಯದಾದರೆ ಗೋಡೆಯಲ್ಲಿರುವ ಕಲ್ಲಿನ ಒಡೆಯ ಒಳಗಿರುವ ಮನುಷ್ಯನಲ್ಲ, ಹೊರಗಿರುವ ಮನೆ. ಒಳಗಿನವನು ಸತ್ತರೂ ಮನೆ ಸತ್ತಿಲ್ಲ. ಒಡೆಯರು ಮುಟ್ಟಬಹುದು ಎಂದು ನಿಯಮವೇ ಹೇಳುತ್ತದೆ. ಹಾಗಾದರೆ ಇಷ್ಟು ಕಾಲ ನಾವು ಮುಟ್ಟದೆ ಇದ್ದದ್ದು ಯಾಕೆ? ಈ ಪ್ರಶ್ನೆಗೆ ಅವಳಿಗೆ ನಗುವೂ ಬಂತು, ಅಳುವೂ ಬಂತು.

ಮನೆಗೆ ಬಂದವಳು ಬಾಗಿಲಿನ ಹೊಂಡವನ್ನು ಹಾರಲಿಲ್ಲ, ಒಳಗಿಳಿದಳು. ಹೊಸ್ತಿಲು ಹೋದರೂ ಮಣ್ಣು ಅದರ ಅಚ್ಚನ್ನು ಬಿಟ್ಟಿರಲಿಲ್ಲ. ತನ್ನ ಕಲ್ಲು ತನಗೆ ಗೊತ್ತಿದ್ದರೂ ಬೇರೆಯವರಿಗೆ ತೋರಿಸಲೆಂದು ಬತ್ತಿಯ ದಾರದಿಂದ ಉದ್ದ ಅಳೆದು ಗಂಟು ಹಾಕಿದಳು, ಅಗಲ ಅಳೆದು ಗಂಟು ಹಾಕಿದಳು, ಮುರಿದ ಮೂಲೆಗೊಂದು ಗಂಟು ಹಾಕಿದಳು. ದಾರವನ್ನು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದಳು. ಮರುದಿನದಿಂದ ಬತ್ತಿ ಮಾರಲು ಹೋದ ಮನೆಗಳಲ್ಲೆಲ್ಲ ಇದೇ ಮಾತು: ನಿಮ್ಮ ಹೊಂಡ ಅಳೆಯಿರಿ, ನಿಮ್ಮ ಕಲ್ಲು ಹುಡುಕಿ.

ಕೆಲವರು ನಕ್ಕರು, ಕೆಲವರು ಬಾಗಿಲು ಹಾಕಿಕೊಂಡರು. ಗೋಡೆಯಮ್ಮನಿಗೆ ಅಮಾವಾಸ್ಯೆಯ ಮೊದಲ ಕಾಯಿ ಒಡೆಯುವ ಹಿರಿಯಜ್ಜಿಯಂತೂ ಊರಿಗೆ ಕೇಳುವಂತೆ ಬೈದಳು. "ಅಮ್ಮನ ಮೈಯಿಂದ ಕಲ್ಲು ಕೀಳ್ತೀಯೇನೇ? ಕೈ ಬಿದ್ದು ಹೋಗುತ್ತೆ ನಿಂದು" ಎಂದಳು. ಬತ್ತಿಯವಳು ವಾದ ಮಾಡಲಿಲ್ಲ. ಅಜ್ಜಿಯ ಬಾಗಿಲಿನ ಹೊಂಡಕ್ಕೆ ದಾರ ಹಿಡಿದಳು, ಗಂಟು ಹಾಕಿದಳು, ಗೋಡೆಯ ಕಡೆ ನಡೆದಳು. ಬೈಯುವುದು ಇನ್ನೂ ಬಾಕಿ ಇದ್ದುದರಿಂದ ಅಜ್ಜಿಯೂ ಹಿಂದೆಯೇ ಹೋದಳು. ದಾರ ಒಂದು ಕಲ್ಲಿಗೆ ಉದ್ದವಾಯಿತು, ಒಂದಕ್ಕೆ ಗಿಡ್ಡವಾಯಿತು, ಮತ್ತೊಂದಕ್ಕೆ ಸರಿಯಾಗಿ ಕೂತಿತು. ಅಜ್ಜಿ ದಿನಾ ಕುಂಕುಮ ಇಡುತ್ತಿದ್ದ ಕಲ್ಲಿನ ಪಕ್ಕದ ಕಲ್ಲು ಅದು; ಆ ಕುಂಕುಮದ ಕಲ್ಲಿಗೆ ಪಕ್ಕದ ಮನೆಯ ಹೊಂಡದ ದಾರ ಹಿಂದಿನ ದಿನವೇ ಕೂತಿತ್ತು. ಎಡಮೂಲೆಯಲ್ಲಿ ಬೆರಳು ಹಿಡಿಸುವಷ್ಟು ಮುಕ್ಕಾಗಿತ್ತು. ಅಜ್ಜಿ ಆ ಮುಕ್ಕಿನಲ್ಲಿ ಬೆರಳಿಟ್ಟಳು. ಮನೆಯ ಹೊಸ್ತಿಲಿಗೆ ಎಡಗಡೆ ಮುಕ್ಕಿತ್ತು ಎಂದು ಅವಳ ಅತ್ತೆ ಸಾಯುವ ತನಕ ಹೇಳುತ್ತಿದ್ದದ್ದು ನೆನಪಾಯಿತು.

"ಅಯ್ಯೋ ನನ್ನ ಬಾಳೇ" ಎಂದಳು. "ಇಷ್ಟು ವರ್ಷ ಪಕ್ಕದ ಮನೆಯವಳ ಹೊಸ್ತಿಲು ಪೂಜೆ ಮಾಡ್ದೆನಲ್ಲೇ. ಅವಳ ಜೊತೆ ನನಗೆ ಮಾತೂ ಇಲ್ಲ."

ಅಜ್ಜಿ ಒಪ್ಪಿದ ಮೇಲೆ ಊರು ಒಪ್ಪುವುದಕ್ಕೆ ತಡವಾಗಲಿಲ್ಲ. ಮನೆಮನೆಯಲ್ಲೂ ಹೆಂಗಸರು ಹೊಂಡಕ್ಕಿಳಿದರು, ದಾರ ಹಿಡಿದರು, ಗಂಟು ಹಾಕಿದರು. ಬತ್ತಿಯವಳ ಹತ್ತಿ ಮುಗಿಯಿತು, ಸೀರೆಯ ಸೆರಗಿನಿಂದ ದಾರ ಎಳೆದರು. ಕೆಲವು ಗಂಡಸರು ಇದೇನು ಹುಚ್ಚು ಎಂದು ಕೇಳಿದರು. ಕೇಳಿದವರ ಕೈಗೆ ದಾರದ ಒಂದು ತುದಿ ಹಿಡಿಯಲು ಕೊಟ್ಟರು.

ಆಮೇಲೆ ಒಂದು ಬೆಳಿಗ್ಗೆ ಎಲ್ಲ ಬೀದಿಗಳಿಂದ ಹಳದಿ ದಾರ ಹಿಡಿದ ಹೆಂಗಸರು ಬಂದರು. ಗೋಡೆಯ ಸುತ್ತ ಊರೇ ನಿಂತಿತು. ಯಾರ ಕಲ್ಲನ್ನೂ ಬೇರೆಯವರು ಮುಟ್ಟುವಂತಿಲ್ಲ, ಆದ್ದರಿಂದ ಎಲ್ಲಕ್ಕಿಂತ ಮೇಲಿನ ಕಲ್ಲಿನವರು ಮೊದಲು ಶುರು ಮಾಡಬೇಕು. ಎಲ್ಲಕ್ಕಿಂತ ಮೇಲಿದ್ದದ್ದು ಏಣಿಯವನ ಮನೆಯದೇ ಕಲ್ಲು. ಕಾವಲಿನಲ್ಲಿ ತೂಕಡಿಸಿದ ತಪ್ಪಿಗೆ ಅವನ ತಮ್ಮ ಕೊನೆಯವನಾಗಿ ಒಳಗೆ ಹೋಗಿದ್ದ. ಅಣ್ಣನೇ ಏಣಿ ಹಿಡಿದು ತಮ್ಮನನ್ನು ಇಳಿಸಿದ್ದ. ಹೆಂಗಸರ ಸಾಲು ಸರಿಯಿತು. ಏಣಿಯವನ ಹೆಂಡತಿ ಕೈಯಲ್ಲಿ ದಾರ ಹಿಡಿದು ಮುಂದೆ ಬಂದಳು.

"ಏಣಿ ಈ ಕಡೆ ಹಾಕಿ. ನಮ್ಮನೆ ಹೊಸ್ತಿಲು ಇಳಿಸ್ಕೋಬೇಕು" ಎಂದಳು.

ಏಣಿಯವನು ನಿಯಮ ಹೇಳಿದ. ಹೇಳುವಾಗ ಅವನ ಕಣ್ಣು ಅವಳ ಮೇಲಿರಲಿಲ್ಲ, ಏಣಿಯ ಮೆಟ್ಟಿಲ ಮೇಲಿತ್ತು.

"ನಿಯಮ ನನಗೂ ಗೊತ್ತು. ಒಡೆಯರು ಮುಟ್ಟಬಹುದು" ಎಂದಳು ಅವಳು. "ನಮ್ಮನೆಗೆ ಒಡತಿ ಯಾರು? ಇಲ್ಲೇ, ಎಲ್ಲರ ಮುಂದೆ ಹೇಳಿಬಿಡಿ."

ಎಂಥ ಶೂರನಿಗಾದರೂ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಏಣಿಯವನು ಏಣಿ ಹಾಕಿದ. ಅವಳು ಹತ್ತಿದಳು, ದಾರ ಹಿಡಿದು ನೋಡಿದಳು, ಕಲ್ಲನ್ನು ತಬ್ಬಿ ಎತ್ತಿದಳು. ಕೆಳಗೆ ನಿಂತ ಗಂಡನ ತಲೆಯ ಮೇಲೆ ಸಿಂಬಿ ಯಾವಾಗ ಬಂದಿತ್ತೋ ಯಾರೂ ನೋಡಲಿಲ್ಲ.

ಅಲ್ಲಿಂದ ಕಲ್ಲುಗಳು ಇಳಿದವು. ಒಂದು ಮನೆಯವರು ಇಳಿಸಿ ಸರಿದರು, ಇನ್ನೊಂದು ಮನೆಯವರು ಏರಿದರು. ಸತ್ತವರ ಕಲ್ಲನ್ನು ಮೊಮ್ಮಕ್ಕಳು ಇಳಿಸಿದರು, ನೋಡಿಯೇ ಇಲ್ಲದ ಅಜ್ಜಂದಿರ ಹೆಸರು ಹೇಳಿ ಅತ್ತರು. ಒಂದು ಕಲ್ಲೂ ಬೀಳಲಿಲ್ಲ, ಒಂದು ಕಲ್ಲೂ ಅಲುಗಲಿಲ್ಲ, ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟಲಿಲ್ಲ. ಗೋಡೆ ತಗ್ಗುತ್ತ ತಗ್ಗುತ್ತ ಮೊದಲು ಒಳಗಿನವರ ಕೆದರಿದ ಕೂದಲು ಕಂಡಿತು, ಆಮೇಲೆ ಹಣೆ ಕಂಡಿತು, ಆಮೇಲೆ ಕಣ್ಣು ಕಂಡಿತು. ಕಲ್ಲಿನ ಹಿಂದೆ ಕಲ್ಲು ಇಳಿಯಿತು, ಮುಖದ ಪಕ್ಕದಲ್ಲಿ ಮುಖ ಎದ್ದಿತು. ಹೊರಗಿನವರು ಒಳಗಿನವರನ್ನು ಹೆಸರು ಹಿಡಿದು ಕೂಗಿದರು. ಒಳಗಿನವರಿಗೆ ತಮ್ಮ ಹೆಸರು ತಮ್ಮದೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಸುದ್ದಿ ತಿಳಿದು ತೀರ್ಪಿನವನು ಕೊಡೆ ಹಿಡಿಸಿಕೊಂಡು ಓಡಿಬಂದ. ತಪ್ಪು ಹುಡುಕಿದ, ಸಿಗಲಿಲ್ಲ. ತನ್ನದೇ ತೀರ್ಪು ನೆನಪಾಗಿ ಪಕ್ಕಕ್ಕೆ ಸರಿದು ನಿಂತ. ಅವನ ಮನೆಯ ದಾರವೂ ಸಾಲಿನಲ್ಲೇ ನಿಂತಿತ್ತು.

ಹೊತ್ತು ಇಳಿಯುವಾಗ ಗೋಡೆಯಿದ್ದ ಜಾಗದಲ್ಲಿ ಉಳಿದದ್ದು ಎರಡೇ ಕಲ್ಲು. ಕೆಳಗಿನದು ಬತ್ತಿಯವಳ ಅವ್ವನದು. ಅದರ ಮೇಲೆ ಒಡೆದ ಬೀಸುಕಲ್ಲಿನ ಅರ್ಧ ತುಂಡು. ಯಾರ ದಾರವೂ ಅದಕ್ಕೆ ಕೂರಲಿಲ್ಲ. ಅದನ್ನು ತಂದವನು ಬಯಲಿನವನು, ಮನೆಮಠವಿಲ್ಲದೆ ಸಂತೆಯ ಚಪ್ಪರದಲ್ಲಿ ಮಲಗುತ್ತಿದ್ದವನು. ಅರಸನ ಆನೆಗೆ ಅಡ್ಡ ಮಲಗಿದ್ದು ಅವನ ತಪ್ಪು. ಹೊಸ್ತಿಲು ತಾ ಎಂದಾಗ ತರಲು ಹೊಸ್ತಿಲಿಲ್ಲದೆ ಯಾರೋ ಬಿಸಾಡಿದ್ದ ಬೀಸುಕಲ್ಲು ಹೊತ್ತು ತಂದಿದ್ದ. ಅವನು ಒಳಗೇ ಸತ್ತು ಎಷ್ಟೋ ಕಾಲವಾಗಿತ್ತು. ಮನೆಯೇ ಇಲ್ಲದವನ ಕಲ್ಲಿಗೆ ಒಡೆಯರು ಯಾರು?

ತೀರ್ಪಿನವನಿಗೆ ಹೋದ ಜೀವ ಬಂದಂತಾಯಿತು. ಎರಡು ಕಲ್ಲು ಒಂದರ ಮೇಲೊಂದಿದ್ದರೆ ಅದು ಗೋಡೆಯೇ, ಗೋಡೆ ಇರುವ ತನಕ ಸೆರೆಮನೆ ಇದೆ, ಒಳಗಿರುವವರೆಲ್ಲ ಒಳಗೇ ಎಂದ. ಹಾಗೆ ನೋಡಿದರೆ ನಾಲ್ಕೂ ಕಡೆ ಬಯಲು. ಆದರೂ ಒಬ್ಬ ಕೈದಿಯೂ ಹೆಜ್ಜೆ ಇಡಲಿಲ್ಲ. ಇಷ್ಟು ದೂರ ನಿಯಮ ಮುರಿಯದೆ ಬಂದವರಿಗೆ ಕಳ್ಳರ ಹಾಗೆ ಹೊರಗೆ ಹೋಗುವುದು ಬೇಡವಾಗಿತ್ತು.

ಬತ್ತಿಯವಳು ಅವ್ವನನ್ನು ನೋಡಿದಳು. ಇಷ್ಟು ಕಾಲ ದನಿಯಾಗಿದ್ದವಳು ಈಗ ಎರಡು ಮಾರು ದೂರದಲ್ಲಿ ಕಲ್ಲಿಗೆ ಒರಗಿ ಕೂತಿದ್ದಳು, ಹಿಡಿಯಷ್ಟಾಗಿದ್ದಳು. ಆ ಬೀಸುಕಲ್ಲಿನ ತುಂಡನ್ನು ಒಂದೇ ಕೈಯಲ್ಲಿ ಸರಿಸಬಹುದಿತ್ತು. ಸರಿಸಿದರೆ ಅವ್ವನ ಶಿಕ್ಷೆ ಮೊದಲಿನಿಂದ ಶುರು, ಇನ್ನೊಂದು ಮಳೆಗಾಲ. ಅವ್ವನ ಹತ್ತಿರ ಅಷ್ಟು ಕಾಲ ಇರಲಿಲ್ಲ. ಬತ್ತಿಯವಳು ಕೈ ಹಿಂದೆ ಕಟ್ಟಿಕೊಂಡು ತೀರ್ಪಿನವನ ಎದುರು ನಿಂತಳು.

"ಹೊಸ್ತಿಲು ಮನೆಯದು ಅಂದ್ರಿ. ಮನೆ ಅಂದ್ರೆ ಏನು ಸ್ವಾಮಿ?"

ತೀರ್ಪಿನವನು ಯೋಚಿಸಿದ. ಊರು ನೋಡುತ್ತಿತ್ತು. "ದುಡಿದು ದಣಿದು ಬಂದು ಮನುಷ್ಯ ತಲೆ ಇಡೋ ಜಾಗ" ಎಂದ.

ಆಗ ಒಳಗಿನಿಂದ ಸಣ್ಣ ದನಿ ಬಂತು. "ಹಾಗಾದ್ರೆ ಅವನ ಮನೆ ನಾನೇ" ಎಂದಳು ಅವ್ವ. "ಚಳಿಜ್ವರ ಬಂದಾಗೆಲ್ಲ ಅವನು ತಲೆ ಇಡ್ತಿದ್ದದ್ದು ಈ ಮಡಿಲಲ್ಲಿ. ಪ್ರಾಣ ಬಿಟ್ಟದ್ದೂ ಈ ಮಡಿಲಲ್ಲೇ. ಅವನಿಗೆ ಬೇರೆ ಮನೆ ಇರಲಿಲ್ಲ."

ಹೌದು ಎಂದ ಒಬ್ಬ ಕೈದಿ. ನಾನು ನೋಡಿದ್ದೇನೆ ಎಂದಳು ಇನ್ನೊಬ್ಬಳು. ಹೌದು ಹೌದು ಎಂದು ಒಳಗಿನವರೆಲ್ಲ ಎದ್ದು ನಿಂತರು. ಏಣಿಯವನ ತಮ್ಮ ಹೌದು ಎಂದ, ಏಣಿಯವನು ಹೊರಗಿನಿಂದ ಹೌದು ಎಂದ. ತೀರ್ಪಿನವನು ಕೊಡೆಯನ್ನು ಮಡಚಿದ.

"ಆ ಕಲ್ಲು ನಿನ್ನದೇ ತಾಯಿ, ತಗೋ" ಎಂದ.

ಅವ್ವ ಎದ್ದಳು. ಬೀಸುಕಲ್ಲಿನ ತುಂಡನ್ನು ಎತ್ತಿ ಕೂಸನ್ನು ಎತ್ತಿಕೊಂಡಂತೆ ಸೊಂಟಕ್ಕೆ ಇಟ್ಟುಕೊಂಡಳು. ಇನ್ನುಳಿದದ್ದು ಅವಳ ಹೊಸ್ತಿಲು. ಒಂದು ತುದಿಗೆ ಅವಳು ಕೈ ಹಾಕಿದಳು, ಇನ್ನೊಂದು ತುದಿಗೆ ಮಗಳು ಕೈ ಹಾಕಿದಳು. ಇಬ್ಬರೂ ಒಂದೇ ಮನೆಯವರು, ಇಬ್ಬರೂ ಒಡತಿಯರು. ಕಲ್ಲು ಮಣ್ಣು ಬಿಟ್ಟು ಎದ್ದಿತು. ಅದರ ಕೆಳಗಿನ ನೆಲ ಒಂದು ಗಳಿಗೆ ತೇವವಾಗಿ ಕಂಡು ಆಮೇಲೆ ಬಿಸಿಲಿಗೆ ಒಣಗಿತು. ಅಷ್ಟೇ, ಸೆರೆಮನೆ ಮುಗಿಯಿತು. ಬಾಕಿ ಶಿಕ್ಷೆ ಇದ್ದವರು ನಮ್ಮ ಗತಿಯೇನು ಎಂದು ತೀರ್ಪಿನವನನ್ನು ಕೇಳಿದರು. ಗೋಡೆಯೇ ಇಲ್ಲದ ಮೇಲೆ ಒಳಗೆ ಯಾವುದು ಹೊರಗೆ ಯಾವುದು ಎಂದು ಅವನು ಅವರನ್ನೇ ಕೇಳಿದ. ಜನ ಕೂಗಿದ ಕೂಗಿಗೆ ಅರಮನೆಯ ಪಾರಿವಾಳಗಳು ಹಾರಿದವು, ಅರಸ ಕಿಟಕಿ ಮುಚ್ಚಿಸಿದ. ಸೆರೆಮನೆಯಿದ್ದ ಜಾಗದಲ್ಲಿ ಬೀದಿಗಳು ಒಂದನ್ನೊಂದು ಮೊದಲ ಸಲ ನೋಡಿದವು.

ಬತ್ತಿಯವಳ ಮನೆಯ ಹೊಂಡಕ್ಕೆ ಕಲ್ಲು ಹಲ್ಲು ಕೂತಂತೆ ಕೂತಿತು. ಬೀಸುಕಲ್ಲಿನ ತುಂಡನ್ನು ಅವ್ವ ಜಗಲಿಯ ಮೇಲಿಟ್ಟಳು. ದಾರಿಯಲ್ಲಿ ಹೋಗುವವರು ಯಾರಾದರೂ ಕೂರಲಿ ಎಂದಳು. ಅವಳು ಒಳಗೆ ಕಾಲಿಡಲು ಹೊರಟಾಗ ಮಗಳು ತಡೆದು, ಸೇರಿನ ತುಂಬ ಅಕ್ಕಿ ತಂದು ಹೊಸ್ತಿಲ ಮೇಲಿಟ್ಟಳು. ಅರಿಸಿನ ಹಚ್ಚಿದಳು, ಕುಂಕುಮ ಇಟ್ಟಳು, ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಂತಳು. ಬೀದಿಯ ಹೆಂಗಸರು ತಮ್ಮ ತಮ್ಮ ಕಲ್ಲು ಬಿಟ್ಟು ನೋಡಲು ಬಂದರು. ಮುದುಕಿ ನಾಚಿಕೊಂಡಳು. ಈ ವಯಸ್ಸಿನಲ್ಲಿ ನನಗಿದೆಲ್ಲ ಯಾತಕ್ಕೆ ಎಂದಳು. ಆದರೂ ಬಲಗಾಲು ಮುಂದೆ ಬಂತು, ಬೆರಳು ಸೇರಿಗೆ ತಗಲಿತು. ಸೇರು ಉರುಳಿ ಅಕ್ಕಿ ನಡುಮನೆಯ ತನಕ ಚೆಲ್ಲಿತು, ಅವ್ವ ಹೊಸ್ತಿಲು ದಾಟಿ ಒಳಗೆ ಬಂದಳು.

"ಸುಮ್ನೆ ನಿಂತು ಅಳಬೇಡ" ಎಂದಳು ಮಗಳಿಗೆ. "ಅಕ್ಕಿ ಬಾಚಿ ಒಲೆ ಮೇಲಿಡು. ಹೊಟ್ಟೆ ಹಸೀತಿದೆ."